ಮನೆಯಂಗಳದಲ್ಲಿ ಅರುವತ್ತು ಎಲೆ: ಹಾಲ್ ಹಿಡಿಯದೆ ಔತಣ ನಡೆಸುವ ಕ್ರಮ

ಮಗುವಿನ ಮೊದಲ ವರ್ಷದ ಹುಟ್ಟುಹಬ್ಬ, ಹಿರಿಯರ ಅರುವತ್ತರ ಶಾಂತಿ, ದುಬೈಯಿಂದಲೋ ಮುಂಬಯಿಯಿಂದಲೋ ರಜೆಗೆ ಬಂದ ಮಕ್ಕಳ ನೆಪದಲ್ಲಿ ನೆಂಟರಿಷ್ಟರಿಗೊಂದು ಊಟ. ಇಂಥ ಸಂದರ್ಭ ಬಂದಾಗಲೆಲ್ಲ ಉಡುಪಿ, ಮಂಗಳೂರಿನ ಓದುಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಹಾಲ್ ಹಿಡಿಯದೆ ಮನೆಯಲ್ಲೇ ಐವತ್ತು ಅರುವತ್ತು ಜನರಿಗೆ ಊಟ ಹಾಕಲು ಆಗುತ್ತದೆಯೇ, ಆಗುವುದಾದರೆ ಎಲ್ಲಿಂದ ಶುರುಮಾಡಬೇಕು? ಖಂಡಿತ ಆಗುತ್ತದೆ. ನಮ್ಮ ಹಿರಿಯರು ಇದಕ್ಕಿಂತ ದೊಡ್ಡ ಜಂಬರಗಳನ್ನು, ಅಂದರೆ ಮನೆಯ ಸಮಾರಂಭಗಳನ್ನು, ಅಂಗಳದಲ್ಲಿ ಚಪ್ಪರ ಹಾಕಿಯೇ ನಡೆಸಿದವರು. ಇಂದು ಮನೆಯಲ್ಲಿ ಆಳುಕಾಳು ಕಡಿಮೆ, ಅಂಗಳ ಚಿಕ್ಕದು, ಹಾಗಾಗಿ ಲೆಕ್ಕಾಚಾರ ಮಾತ್ರ ಬಿಗಿಯಾಗಿರಬೇಕು.

ಈ ಲೇಖನದ ಉದ್ದಕ್ಕೂ ಒಂದು ಮಾತನ್ನು ನೆನಪಿನಲ್ಲಿಡಿ. ಎಲೆ ಹಾಕುವ ಗಂಟೆಯನ್ನು ಮೊದಲು ನಿಶ್ಚಯಿಸಿ, ಉಳಿದ ಎಲ್ಲ ಕೆಲಸಗಳನ್ನು ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬನ್ನಿ. ಅಡುಗೆ, ಹೇಳಿಕೆ, ಚಪ್ಪರ, ಹೂವು ಎಲ್ಲವೂ ಆ ಒಂದು ಗಂಟೆಗೆ ಕಟ್ಟುಬಿದ್ದಿವೆ. ಇಲ್ಲಿ ನಾನು ಉದಾಹರಣೆಗೆ ತೆಗೆದುಕೊಂಡಿರುವುದು 60 ಜನರ ಮಧ್ಯಾಹ್ನದ ಊಟವನ್ನು. ಎಲೆ ಹಾಕುವುದು 12.30ಕ್ಕೆ. ನಿಮ್ಮ ಸಂಖ್ಯೆ ಬೇರೆಯಾದರೆ ಅದೇ ಪ್ರಮಾಣದಲ್ಲಿ ಹಿಗ್ಗಿಸಿ, ಕುಗ್ಗಿಸಿ.

1. ತಲೆ ಎಣಿಕೆ

ಹೇಳಿಕೆ, ಅಂದರೆ ಆಮಂತ್ರಣ, ಮಾಡುವಾಗಲೇ ಮುಕ್ಕಾಲು ಪಾಲು ಗೊಂದಲ ಹುಟ್ಟಿಕೊಳ್ಳುತ್ತದೆ. ವಾಟ್ಸಾಪಿನಲ್ಲಿ ‘ಎಲ್ಲರೂ ಬನ್ನಿ’ ಎಂದು ಕಳುಹಿಸಿದ ಸಂದೇಶವನ್ನು ಒಂದು ಮನೆಯವರು ಗಂಡ ಹೆಂಡತಿಗೆಂದು ತಿಳಿದರೆ, ಇನ್ನೊಂದು ಮನೆಯವರು ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಂಟು ಮಂದಿಗೆಂದು ತಿಳಿಯುತ್ತಾರೆ. ಇಬ್ಬರದೂ ತಪ್ಪಲ್ಲ. ಆದ್ದರಿಂದ ಒಂದು ನೋಟ್‌ಬುಕ್ಕಿನಲ್ಲಿ ಮನೆವಾರು ಪಟ್ಟಿ ಬರೆದು, ಪ್ರತಿ ಮನೆಯ ಎದುರು ದೊಡ್ಡವರು ಎಷ್ಟು, ಮಕ್ಕಳು ಎಷ್ಟು ಎಂದು ಗುರುತಿಸಿಕೊಂಡು, ಫೋನ್ ಮಾಡಿಯೇ ಹೇಳಿ. ಮಾತಿನ ನಡುವೆ ‘ನೀವು ಎಷ್ಟು ಜನ ಬರಬಹುದು ಅಕ್ಕ, ಎಲೆ ಲೆಕ್ಕಕ್ಕೆ ಬೇಕಿತ್ತು’ ಎಂದು ಕೇಳಿದರೆ ನಮ್ಮಲ್ಲಿ ಯಾರೂ ಬೇಸರಿಸುವುದಿಲ್ಲ.

ಅದೇ ಫೋನಿನಲ್ಲಿ ಊಟದ ನಿಯಮಗಳನ್ನೂ ಕೇಳಿಬಿಡಿ. ಈರುಳ್ಳಿ, ಬೆಳ್ಳುಳ್ಳಿ ಬಿಟ್ಟವರು ಇರುತ್ತಾರೆ. ಚಾತುರ್ಮಾಸ್ಯದ ವ್ರತದಲ್ಲಿರುವವರಿಗೆ ಆಯಾ ತಿಂಗಳಲ್ಲಿ ವರ್ಜ್ಯವಾದ ಪದಾರ್ಥಗಳು ಬೇರೆ. ಕಾರ್ಕಳ, ಮೂಡುಬಿದಿರೆ ಕಡೆಯ ಜೈನ ಬಂಧುಗಳಲ್ಲಿ ಹಲವರು ಗೆಡ್ಡೆಗಳನ್ನು ತಿನ್ನುವುದಿಲ್ಲ ಮತ್ತು ಸೂರ್ಯಾಸ್ತದ ಮೊದಲೇ ಊಟ ಮುಗಿಸುತ್ತಾರೆ. ಸಂಜೆಯ ಔತಣವಾದರೆ ಈ ಕೊನೆಯ ಅಂಶ ಬಹಳ ಮುಖ್ಯ. ಊಟದ ದಿನ ಎಲೆಯ ಮುಂದೆ ಕುಳಿತವರನ್ನು ‘ನಿಮಗೆ ಇದು ಆಗುತ್ತದೆಯೇ’ ಎಂದು ಕೇಳುವಂತಾಗಬಾರದು.

2. ದಿನ

ದಿನ ಹಿಡಿಯುವ ಮೊದಲು ಪಂಚಾಂಗವನ್ನೂ ಊರಿನ ಜಾತ್ರೆ, ದೈವಗಳ ನೇಮದ ದಿನಗಳನ್ನೂ ಒಟ್ಟಿಗೆ ನೋಡಿ. ಏಕಾದಶಿಯಂದು ಉಡುಪಿಯ ಎಷ್ಟೋ ಮನೆಗಳಲ್ಲಿ ಉಪವಾಸ. ಸಂಕಷ್ಟಿಯ ದಿನ ಉಪವಾಸವಿರುವವರು ಚಂದ್ರೋದಯದ ಮೊದಲು ಉಣ್ಣುವುದಿಲ್ಲ. ಕೋಳಿ, ಮೀನಿನ ಊಟವಾದರೆ ಸೋಮವಾರ ಮತ್ತು ಶನಿವಾರ ಬೇಡ. ಮುಸ್ಲಿಂ ಸ್ನೇಹಿತರಿದ್ದರೆ ರಂಜಾನ್ ತಿಂಗಳ ಹಗಲು ಊಟವನ್ನೂ, ಕ್ರೈಸ್ತ ಸ್ನೇಹಿತರಿದ್ದರೆ ಈಸ್ಟರಿನ ಮೊದಲಿನ ತಪಸ್ಸಿನ ಕಾಲವನ್ನೂ ತಪ್ಪಿಸಿ. ಉಡುಪಿ ಪೇಟೆಯೊಳಗಿನ ಮನೆಯವರು ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ನಡೆಯುವ ಪರ್ಯಾಯದ, ಅಂದರೆ ಕೃಷ್ಣಮಠದ ಪೂಜೆಯ ಅಧಿಕಾರ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವದ, ಆಸುಪಾಸಿನ ದಿನಗಳಲ್ಲಿ ಜನರನ್ನು ಕರೆದರೆ ವಾಹನ ನಿಲ್ಲಿಸಲು ಜಾಗವೇ ಸಿಗದು.

ಪತ್ತನಾಜೆ, ಅಂದರೆ ತುಳುವರ ಬೇಸ ತಿಂಗಳ ಹತ್ತನೆಯ ದಿನ, ಸಾಮಾನ್ಯವಾಗಿ ಮೇ 24ರ ಹೊತ್ತಿಗೆ ಬರುತ್ತದೆ. ಕೋಲ, ಯಕ್ಷಗಾನ ಮೇಳಗಳೆಲ್ಲ ಅಂದಿಗೆ ನಿಲ್ಲುವುದಕ್ಕೆ ಕಾರಣವಿದೆ: ಮುಂದೆ ಮಳೆಗಾಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಅಂಗಳದ ಊಟವನ್ನು ಯೋಚಿಸಲೇಬೇಡಿ, ಮನೆಯೊಳಗೆ ಹಿಡಿಸುವಷ್ಟು ಜನರನ್ನು ಮಾತ್ರ ಕರೆಯಿರಿ. ಅಕ್ಟೋಬರ್, ನವೆಂಬರಿನಲ್ಲಿ ಬೆಳಗ್ಗೆ ಬಿಸಿಲು ಸುರಿದು ಸಂಜೆ ನಾಲ್ಕರ ನಂತರ ಗುಡುಗು ಸಹಿತ ಮಳೆ ಬರುವುದು ಇಲ್ಲಿ ಸಾಮಾನ್ಯ. ಆ ತಿಂಗಳುಗಳಲ್ಲಿ ಮಧ್ಯಾಹ್ನದ ಊಟವೇ ಸುರಕ್ಷಿತ. ನನ್ನನ್ನು ಕೇಳಿದರೆ ಮನೆಯ ಔತಣಕ್ಕೆ ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಕಾಲಕ್ಕೆ ಸಮನಾದದ್ದು ಬೇರಿಲ್ಲ.

3. ಜಾಗ, ಚಪ್ಪರ, ನೀರು

ಟೇಪು ಹಿಡಿದು ಅಳೆಯಿರಿ, ಕಣ್ಣಂದಾಜು ಬೇಡ. ಒಂದು ಎಲೆಗೆ ಎರಡು ಅಡಿ ಅಗಲ ಬೇಕು. ಅರುವತ್ತು ಜನರನ್ನು ಎರಡು ಪಂಕ್ತಿಯಲ್ಲಿ, ಅಂದರೆ ಒಂದು ಸಲಕ್ಕೆ 30 ಜನರಂತೆ ಕೂರಿಸುವುದಾದರೆ, ಒಟ್ಟು 60 ಅಡಿ ಉದ್ದದ ಸಾಲು ಬೇಕಾಗುತ್ತದೆ. 20 ಅಡಿಯ ಮೂರು ಸಾಲುಗಳಾದರೂ ಸರಿ. ಬಡಿಸುವವರು ಓಡಾಡುವ ದಾರಿಗೆ ಮೂರು ಅಡಿಗಿಂತ ಕಡಿಮೆ ಬಿಟ್ಟರೆ ಸಾರಿನ ಬಕೆಟ್ ಯಾರದಾದರೂ ಹೆಗಲಿಗೆ ತಾಗುವುದು ಖಚಿತ. ಇಂದು ನೆಲದಲ್ಲಿ ಕೂರಲಾಗದ ಹಿರಿಯರೇ ಹೆಚ್ಚು. ಹಾಗಾಗಿ ಮೇಜು, ಕುರ್ಚಿಯನ್ನೇ ಬಾಡಿಗೆಗೆ ತನ್ನಿ, ಆರು ಅಡಿಯ ಮೇಜಿನ ಒಂದು ಬದಿಗೆ ಮೂವರು ಎಂದು ಎಣಿಸಿ.

ಚಪ್ಪರದ ವಿಷಯದಲ್ಲಿ ಬಟ್ಟೆಯ ಶಾಮಿಯಾನ ಬಿಸಿಲಿಗೆ ಮಾತ್ರ. ಮಳೆಯ ಸಂಶಯ ಇದ್ದರೂ ಸಾಕು, ತಗಡಿನ ಶೀಟಿನ ಚಪ್ಪರವನ್ನೇ ಹಾಕಿಸಿ, ಅದರ ಇಳಿಜಾರು ಅಡುಗೆಯ ಜಾಗದ ಕಡೆಗೆ ಬೀಳದಂತೆ ನೋಡಿಕೊಳ್ಳಿ. ಕಟ್ಟುವವರು ಕಂಬ ನೆಡುವ ಮೊದಲು ನೀವೇ ಎದುರು ನಿಂತು ನೀರಿನ ಪೈಪು ಎಲ್ಲಿ ಹಾದುಹೋಗಿದೆ ಎಂದು ತೋರಿಸಬೇಕು. ಅಂಗಳದ ಅಂಚಿನಲ್ಲಿ ಹಾವಸೆ ಹಿಡಿದಿದ್ದರೆ ಎರಡು ದಿನ ಮುಂಚೆ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿಸಿ. ರೇಷ್ಮೆ ಸೀರೆಯುಟ್ಟ ಅಜ್ಜಿಯೊಬ್ಬರು ಕೈ ತೊಳೆಯಲು ಹೋಗಿ ಜಾರಿದರೆ ಇಡೀ ಜಂಬರದ ಸಂತೋಷ ಅಲ್ಲಿಗೆ ಮುಗಿಯುತ್ತದೆ.

ಕುಡಿಯಲು ತಲೆಗೆ ಒಂದು ಲೀಟರಿನಂತೆ 60 ಲೀಟರ್, ಅಂದರೆ 20 ಲೀಟರಿನ ಮೂರು ಕ್ಯಾನು, ಮೇಲೊಂದು ಹೆಚ್ಚುವರಿ. ಲಾವಂಚ ಅಥವಾ ಜೀರಿಗೆ ಹಾಕಿ ಕುದಿಸಿ ಆರಿಸಿದ ನೀರಾದರೆ ಇನ್ನೂ ಒಳ್ಳೆಯದು. ಕೈ ತೊಳೆಯಲು, ಪಾತ್ರೆಗೆ, ಶೌಚಾಲಯಕ್ಕೆ ಬೇರೆ ನೀರು ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬಾವಿ ಆಳಕ್ಕಿಳಿದಿರುವುದರಿಂದ ಹಿಂದಿನ ರಾತ್ರಿಯೇ ಟ್ಯಾಂಕ್ ತುಂಬಿಸಿಡಿ. ಬೆಳಗ್ಗೆ ವಿದ್ಯುತ್ ಹೋದರೆ ಪಂಪು ನಿಲ್ಲುತ್ತದೆ, ಮಸಾಲೆ ಅರೆಯುವ ಗ್ರೈಂಡರೂ ನಿಲ್ಲುತ್ತದೆ. ಮನೆಯ ಸಾಧಾರಣ ಇನ್‌ವರ್ಟರನ್ನು ಇವೆರಡಕ್ಕೂ ನಂಬುವಂತಿಲ್ಲ.

ಫ್ಲ್ಯಾಟಿನಲ್ಲಿ ವಾಸವಿರುವವರು ತಾರಸಿಯಲ್ಲಿ ಅಡುಗೆ ಮಾಡಿಸುವ ಯೋಚನೆಯನ್ನು ಬಿಡಿ. ಅಡುಗೆ ಹೊರಗಿನಿಂದ ಬರಲಿ, ಬಡಿಸುವುದು ಮಾತ್ರ ನಿಮ್ಮಲ್ಲಿ ಇರಲಿ. ಅದಕ್ಕೂ ಅಸೋಸಿಯೇಶನಿನ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.

4. ಊಟದ ಪಟ್ಟಿ

ಮನೆಯ ಔತಣ ಕೆಡುವುದು ಹೆಚ್ಚಾಗಿ ಪದಾರ್ಥಗಳ ಸಂಖ್ಯೆ ಹೆಚ್ಚಾಗಿ. ಹಾಲ್‌ನಲ್ಲಿ ನಡೆದ ಊಟದಲ್ಲಿ ಹದಿನೆಂಟು ಬಗೆ ಇತ್ತೆಂದು ಮನೆಯಲ್ಲೂ ಹದಿನೆಂಟು ಮಾಡಿಸಲು ಹೊರಟರೆ ಬಡಿಸುವವರಿಗೆ ಎರಡನೆಯ ಸುತ್ತು ಬರಲು ಹೊತ್ತೇ ಸಿಗುವುದಿಲ್ಲ. ಸಸ್ಯಾಹಾರಿ ಊಟಕ್ಕೆ ಉಪ್ಪಿನಕಾಯಿ, ಒಂದು ಕೋಸಂಬರಿ, ಒಂದು ಪಲ್ಯ, ಅನಾನಸಿನ ಮೆಣಸ್ಕಾಯಿ, ತೊವ್ವೆ, ಸಾರು, ಒಂದು ಹುಳಿ, ಹಪ್ಪಳ, ಒಂದು ಭಕ್ಷ್ಯ, ಒಂದು ಪಾಯಸ, ಮಜ್ಜಿಗೆ ಸಾಕು. ಹುಳಿಗೆ ಮಟ್ಟುಗುಳ್ಳ ಸಿಗುವ ಕಾಲವಾದರೆ ಅದನ್ನೇ ಹಾಕಿಸಿ. 2011ರಲ್ಲಿ ಭೌಗೋಳಿಕ ಗುರುತು, ಅಂದರೆ ಒಂದು ಊರಿನ ಬೆಳೆಗೆ ಮಾತ್ರ ಸಲ್ಲುವ ಹೆಸರಿನ ರಕ್ಷಣೆ, ಪಡೆದ ಈ ಬದನೆಯ ರುಚಿಯನ್ನು ಪರವೂರಿನ ಅತಿಥಿಗಳು ನೆನಪಿಟ್ಟುಕೊಳ್ಳುತ್ತಾರೆ.

ಮಾಂಸಾಹಾರಿ ಊಟಕ್ಕೆ ಒಂದು ಎಚ್ಚರಿಕೆ: ಅರುವತ್ತು ಜನರಿಗೆ ನೀರುದೋಸೆ ಬೇಡ. ತಲೆಗೆ ನಾಲ್ಕರಂತೆ 240 ದೋಸೆ, ಒಂದಕ್ಕೆ ಒಂದೂವರೆ ನಿಮಿಷ ಹಿಡಿದರೂ ಎರಡು ಕಾವಲಿಯಲ್ಲಿ ಮೂರು ಗಂಟೆ ಆಯಿತು. ಅಷ್ಟರಲ್ಲಿ ಮೊದಲು ಹೊಯ್ದವು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅದರ ಬದಲು ಮುಂಡುಕದ ಎಲೆಯಲ್ಲಿ ಹಿಟ್ಟು ಹೊಯ್ದು ಬೇಯಿಸುವ ಮೂಡೆ ಅಥವಾ ಹಲಸಿನೆಲೆಯ ಕೊಟ್ಟೆ ಕಡುಬನ್ನು ಬೆಳಗ್ಗೆಯೇ ಬೇಯಿಸಿಡಬಹುದು, ಎಲೆಯೊಳಗೇ ಮೃದುವಾಗಿ ಉಳಿಯುತ್ತದೆ. ಕೋರಿ ರೊಟ್ಟಿಯ ಒಣ ರೊಟ್ಟಿಯಂತೂ ಅಂಗಡಿಯಿಂದ ಬರುತ್ತದೆ, ಬಡಿಸುವ ಹೊತ್ತಿನವರೆಗೆ ಡಬ್ಬದಲ್ಲಿ ಗಾಳಿಯಾಡದಂತೆ ಮುಚ್ಚಿಟ್ಟರೆ ಆಯಿತು.

ಮೀನು ಮಾಡಿಸುವವರು ತಿಂಗಳನ್ನು ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದರಿಂದ ಆಗ ಸಿಗುವುದು ನಾಡದೋಣಿಯವರ ಮೀನು ಅಥವಾ ಹೊರಗಿನಿಂದ ಬಂದ ಮಂಜುಗಡ್ಡೆಯ ಮೀನು. ಉಳಿದ ಕಾಲದಲ್ಲಿಯೂ ಮಲ್ಪೆಗೋ ಮಂಗಳೂರಿನ ಮೀನುಗಾರಿಕೆ ಧಕ್ಕೆಗೋ ಬೆಳಗ್ಗೆಯೇ ಹೋಗಿ ತರಬೇಕು, ಇಂಥದೇ ಮೀನು ಬೇಕೆಂಬ ಹಟ ಇರಬಾರದು.

5. ಅಳತೆ

ಅರುವತ್ತು ಜನರ ಸಸ್ಯಾಹಾರಿ ಊಟಕ್ಕೆ ನಾನು ಇಟ್ಟುಕೊಳ್ಳುವ ಲೆಕ್ಕ ಹೀಗಿದೆ. ಬೆಳ್ತಿಗೆ ಅಕ್ಕಿ ಏಳು ಕಿಲೋ. ತೊವ್ವೆ, ಸಾರು, ಹುಳಿಗೆ ಒಟ್ಟು ಎರಡು ಕಿಲೋ ತೊಗರಿಬೇಳೆ. ಹುಳಿಗೆ ಆರು ಕಿಲೋ, ಪಲ್ಯಕ್ಕೆ ಐದು ಕಿಲೋ ತರಕಾರಿ. ಸಾರು ಒಂಬತ್ತು ಲೀಟರ್, ಹುಳಿ ಹನ್ನೆರಡು ಲೀಟರ್ ಆಗಬೇಕು. ಕಡ್ಲೆಬೇಳೆ ಪಾಯಸವಾದರೆ ಒಂದೂವರೆ ಕಿಲೋ ಬೇಳೆ, ಎರಡೂವರೆ ಕಿಲೋ ಬೆಲ್ಲ, ಎಂಟು ತೆಂಗಿನಕಾಯಿಯ ಹಾಲು. ಸುಮಾರು ಒಂಬತ್ತು ಲೀಟರ್ ಪಾಯಸ ಸಿಗುತ್ತದೆ. ಪಾಯಸವೂ ಸೇರಿ ಎಲ್ಲದಕ್ಕೂ ಇಪ್ಪತ್ತು ತೆಂಗಿನಕಾಯಿ ಸುಲಿದಿಟ್ಟುಕೊಳ್ಳಿ, ಇನ್ನೈದು ಸಿಪ್ಪೆ ಸಹಿತ ಪಕ್ಕದಲ್ಲಿರಲಿ. ಮಜ್ಜಿಗೆಗೆ ನಾಲ್ಕು ಲೀಟರ್ ಮೊಸರು. ಬಾಳೆಲೆ 75.

ಕೋಳಿಯಾದರೆ ಎಲುಬು ಸಹಿತ ತಲೆಗೆ 200ರಿಂದ 250 ಗ್ರಾಂ. ಅರುವತ್ತರಲ್ಲಿ ಮಾಂಸ ತಿನ್ನುವವರು 45 ಎಂದಾದರೆ 11 ಕಿಲೋ ಸಾಕು, ಕಾಯಿ ಅರೆದು ಮಾಡುವ ಗಸಿ ಮತ್ತು ಒಣಗಿನ ಸುಕ್ಕ ಎರಡಕ್ಕೂ ಸೇರಿ. ಆಗ ಅಕ್ಕಿಯನ್ನು ಐದು ಕಿಲೋಗೆ ಇಳಿಸಿ. ಕುಚ್ಚಲಕ್ಕಿ ಅನ್ನವೂ ಬೇಕೆಂಬ ಹಿರಿಯರಿಗೆ ಒಂದು ಕಿಲೋ ಬೇರೆಯೇ ಬೇಯಿಸಬೇಕು. ಅದು ಬೇಯಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ ಎಂಬುದನ್ನು ಮರೆತು ಕೊನೆಗೆ ಒಲೆಗೆ ಇಡುವವರು ಬಹಳ.

6. ಅಡುಗೆಯವರೊಡನೆ ಮಾತು

ಅಡುಗೆ ಭಟ್ಟರು ಬಂದು ನಿಮ್ಮ ಮನೆಯಲ್ಲೇ ಅಡುಗೆ ಮಾಡುವುದು ಒಂದು ಕ್ರಮ, ಕೇಟರಿಂಗಿನವರು ಸಿದ್ಧ ಊಟ ತಂದು ಬಡಿಸುವುದು ಇನ್ನೊಂದು. ಮೊದಲನೆಯದರಲ್ಲಿ ಸಾಮಾನು ನಿಮ್ಮದು, ಸಂಬಳ ಅವರದು. ಎರಡನೆಯದರಲ್ಲಿ ಎಲೆ ಲೆಕ್ಕ, ಅಂದರೆ ಉಂಡವರ ತಲೆಗೆ ಇಷ್ಟು ಎಂದು. ಎಲೆ ಲೆಕ್ಕದಲ್ಲಿ ಮಕ್ಕಳ ಎಲೆಗೆ ಅರ್ಧವೋ ಪೂರ್ತಿಯೋ, ಹೇಳಿದ್ದಕ್ಕಿಂತ ಕಡಿಮೆ ಜನ ಬಂದರೆ ಹೇಗೆ, ಬಡಿಸುವವರು ಎಷ್ಟು ಜನ, ಗ್ಯಾಸ್, ಎಲೆ, ಲೋಟ, ಕೊನೆಯಲ್ಲಿ ಗುಡಿಸಿ ತೊಳೆಯುವ ಕೆಲಸ ಯಾರದು ಎಂಬುದನ್ನೆಲ್ಲ ಒಂದು ಕಾಗದದಲ್ಲಿ ಬರೆದು, ಮುಂಗಡ ಕೊಡುವಾಗಲೇ ಇಬ್ಬರೂ ಓದಿಕೊಳ್ಳಿ. ಕೇಟರಿಂಗಿನವರ ಬಳಿ ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಇರಬೇಕು. ಅದರ ಸಂಖ್ಯೆ 14 ಅಂಕಿಗಳದ್ದು, ಕೇಳಿ ನೋಡಿ.

ಮನೆಯಲ್ಲಿ ಅಡುಗೆಯಾದರೆ ಒಲೆ ಹೊರಗೆ, ಗಾಳಿಯಾಡುವ ಕಡೆ ಇರಲಿ. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಬೇಕು, ಮಲಗಿಸಬಾರದು. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲಮಟ್ಟದಲ್ಲಿ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದ ದೀಪ, ಊದುಬತ್ತಿ, ಮಕ್ಕಳ ಪಟಾಕಿ ಯಾವುದೂ ಆ ಕಡೆ ಸುಳಿಯಬಾರದು.

7. ತೆಂಗಿನಕಾಯಿ ಮತ್ತು ಗಡಿಯಾರ

ಇದೊಂದು ಹಂತಕ್ಕೆ ಹೆಚ್ಚು ಗಮನ ಕೊಡಿ. ನಮ್ಮ ಮನೆಯ ಒಂದು ಜಂಬರದಲ್ಲಿ ಬೆಳಗ್ಗೆ ಎಂಟಕ್ಕೇ ಕಾಯಿ ಅರೆದು ಹಾಕಿ ಮುಗಿಸಿದ ಗಸಿಯನ್ನು ಬಿಗಿಯಾಗಿ ಮುಚ್ಚಿಟ್ಟಿದ್ದೆವು. ಎರಡನೆಯ ಪಂಕ್ತಿಗೆ ಮುಚ್ಚಳ ತೆಗೆದಾಗ ಅಂಚಿನಲ್ಲಿ ಸಣ್ಣ ನೊರೆ ಎದ್ದಿತ್ತು, ಸೌಟು ಎತ್ತಿದರೆ ಎಳೆ ಬರುತ್ತಿತ್ತು. ಇಡೀ ಪಾತ್ರೆಯನ್ನು ಚೆಲ್ಲಬೇಕಾಯಿತು. ಕರಾವಳಿಯ ಸೆಕೆಯಲ್ಲಿ ಕಾಯಿ ಹಾಕಿದ ಪದಾರ್ಥ ಬೇಗ ಹಳಸುತ್ತದೆ. ಬೇಯಿಸಿದ ಯಾವ ಆಹಾರವೂ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣಾಂಶದಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು ಎಂಬುದು ಸಾಮಾನ್ಯ ಸುರಕ್ಷತಾ ನಿಯಮ. ಅಂದರೆ ಒಂದೋ ಹೊಗೆಯಾಡುವಷ್ಟು ಬಿಸಿಯಾಗಿರಬೇಕು, ಇಲ್ಲವೇ ಫ್ರಿಜ್ಜಿನಲ್ಲಿರಬೇಕು.

ಆದ್ದರಿಂದ 12.30ರಿಂದ ಹಿಂದಕ್ಕೆ ಎಣಿಸಿ. 12.15ಕ್ಕೆ ಪದಾರ್ಥಗಳೆಲ್ಲ ಬಡಿಸುವ ಬಕೆಟ್ಟಿಗೆ ಬಂದಿರಬೇಕು. 11.45ಕ್ಕೆ ಅನ್ನ ಬಸಿದಾಗಬೇಕು. ಕಾಯಿ ಅರೆಯುವುದು 10.30ಕ್ಕೆ, ಅದು ಪಾತ್ರೆಗೆ ಬಿದ್ದು ಕುದಿಯುವುದು 11ರ ನಂತರ. ಪಾಯಸಕ್ಕೆ ದಪ್ಪ ಕಾಯಿಹಾಲು ಸೇರುವುದು ಎಲ್ಲದರ ಕೊನೆಗೆ, ಮತ್ತೆ ಕುದಿಸಬಾರದು. ಬೇಳೆ ಬೇಯುವುದು 9.30ರ ಒಳಗೆ, ಒಲೆ ಹೊತ್ತುವುದು 7ಕ್ಕೆ. ಗಟ್ಟಿ ತರಕಾರಿ ಹೆಚ್ಚುವುದು, ಮಸಾಲೆ ಹುರಿಯುವುದು, ಭಕ್ಷ್ಯ ಕರಿಯುವುದು ಹಿಂದಿನ ಸಂಜೆಯೇ ಆಗಲಿ. ಕಾಯಿ ತುರಿಯುವುದನ್ನು ಮಾತ್ರ ಹಿಂದಿನ ದಿನ ಮಾಡಬೇಡಿ. ಎರಡನೆಯ ಪಂಕ್ತಿಯ ಪಾಲನ್ನು ಬೇರೆ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆಯೇ ಇಟ್ಟಿರಿ.

8. ಬರಮಾಡಿಕೊಳ್ಳುವುದು, ಬಡಿಸುವುದು

ಬಂದವರ ಕೈಗೆ ಮೊದಲು ಬೆಲ್ಲ, ನೀರು. ಅನಂತರ ಪುನರ್ಪುಳಿ ಶರಬತ್ತು. ಈ ಕೆಲಸಕ್ಕೆ ಮನೆಯ ಇಬ್ಬರು ಮಕ್ಕಳನ್ನೇ ನಿಲ್ಲಿಸಿ. ಯಜಮಾನರೂ ಯಜಮಾನ್ತಿಯೂ ಆ ಹೊತ್ತಿಗೆ ಅಡುಗೆಯ ಬಳಿ ಇರಬಾರದು, ಬಾಗಿಲ ಬಳಿ ಇರಬೇಕು. ಹೆಂಗಸರಿಗೆ ಕೊಡಲು ಮಲ್ಲಿಗೆ ಬೇಕಾದರೆ ಶಂಕರಪುರ ಮಲ್ಲಿಗೆಯನ್ನು ವಾರ ಮುಂಚೆಯೇ ಹೇಳಿಡಿ. ಮದುವೆಯ ದಿನಗಳಲ್ಲಿ ದರ ದಿನದಿಂದ ದಿನಕ್ಕೆ ಏರುತ್ತದೆ. ನಾಲ್ಕು ಚೆಂಡು, ಅಂದರೆ ಕಟ್ಟಿದ ಹೂವಿನ ಮಾಲೆ, ಸೇರಿದರೆ ಒಂದು ಅಟ್ಟೆ ಎಂಬುದು ಅದರ ಅಳತೆ.

ಸುಧಾರಿಕೆ, ಅಂದರೆ ಬಡಿಸಿ ವಿಚಾರಿಸುವ ಕೆಲಸಕ್ಕೆ, 30 ಜನರ ಪಂಕ್ತಿಗೆ ಐದು ಜನ ಬೇಕು. ಒಬ್ಬೊಬ್ಬರಿಗೆ ಎರಡು ಪದಾರ್ಥ ಹಂಚಿಕೊಟ್ಟು, ಕೊನೆಯವರೆಗೂ ಅವರೇ ಅದನ್ನು ಬಡಿಸಲಿ. ಎಲೆಯ ತುದಿ ಉಣ್ಣುವವರ ಎಡಕ್ಕಿರಬೇಕು. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಮೆಣಸ್ಕಾಯಿ ಮೊದಲು. ಜನರು ಕುಳಿತ ಮೇಲೆ ಅನ್ನ, ತೊವ್ವೆ, ತುಪ್ಪ. ಆಮೇಲೆ ಸಾರು, ಹುಳಿ, ಭಕ್ಷ್ಯ, ಪಾಯಸ, ಕಡೆಗೆ ಮಜ್ಜಿಗೆ. ಮೊದಲ ಸುತ್ತಿನಲ್ಲಿ ಕಡಿಮೆ ಬಡಿಸಿ, ಎರಡನೆಯ ಸುತ್ತು ತಪ್ಪದೆ ಬನ್ನಿ. ಒಂದೇ ಸಲಕ್ಕೆ ರಾಶಿ ಹಾಕಿದರೆ ಎಲೆಯಲ್ಲಿ ಅನ್ನ ಉಳಿಯುತ್ತದೆ, ನೋಡಿ ಮನಸ್ಸಿಗೆ ನೋವಾಗುತ್ತದೆ. ಮಕ್ಕಳು, ವಯಸ್ಸಾದವರು, ದೂರ ಹೋಗಬೇಕಾದವರು ಮೊದಲ ಪಂಕ್ತಿಗೆ. ಬಡಿಸಿದವರಿಗೆ ಮತ್ತು ಅಡುಗೆಯವರಿಗೆ ಎಲ್ಲ ಪದಾರ್ಥಗಳ ಒಂದು ಪಾಲನ್ನು ಮೊದಲೇ ಎತ್ತಿಡಿ; ಅವರ ಎಲೆಗೆ ಪಾಯಸ ಇಲ್ಲವೆಂದಾದರೆ ಅದು ಮನೆಯವರ ಲೋಪ.

9. ಸದ್ದು, ಅಲಂಕಾರ

ಧ್ವನಿವರ್ಧಕ ಹಾಕಲು ಪೊಲೀಸರ ಲಿಖಿತ ಅನುಮತಿ ಬೇಕು. 2000ದ ಶಬ್ದ ಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಅದನ್ನು ಬಳಸುವಂತಿಲ್ಲ. ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55 ಡೆಸಿಬೆಲ್. ಅರುವತ್ತು ಜನರ ಊಟಕ್ಕೆ ಅದರ ಅಗತ್ಯವೇ ಇಲ್ಲವೆಂಬುದು ನನ್ನ ಅಭಿಪ್ರಾಯ. ಅಕ್ಕಪಕ್ಕದ ಮನೆಯವರನ್ನು ಊಟಕ್ಕೆ ಕರೆದು, ವಾಹನ ನಿಲ್ಲಿಸಲು ಅವರ ಗೇಟಿನ ಎದುರಿನ ಜಾಗವನ್ನು ಕೇಳಿಕೊಳ್ಳಿ. ಥರ್ಮಾಕೋಲಿನ ಅಲಂಕಾರ, ಪ್ಲಾಸ್ಟಿಕ್ಕಿನ ತಟ್ಟೆ, ಲೋಟ, ಚಮಚಗಳಿಗೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಿದೆ. ಮಾವಿನ ತೋರಣ, ತೆಂಗಿನ ಗರಿ, ಅಡಿಕೆಯ ಹಾಳೆತಟ್ಟೆ, ಬಾಡಿಗೆಯ ಸ್ಟೀಲ್ ಲೋಟ ಇರುವಾಗ ಅವುಗಳ ಕೊರತೆ ಕಾಣಿಸುವುದೂ ಇಲ್ಲ.

10. ಊಟದ ನಂತರ

ಉಳಿದ ಅನ್ನ, ಸಾರು, ಪಲ್ಯವನ್ನು ಯಾರಿಗೆ ಕೊಡಬೇಕೆಂದು ಹಿಂದಿನ ದಿನವೇ ಮಾತನಾಡಿಟ್ಟು, ಕೊನೆಯ ಪಂಕ್ತಿ ಏಳುತ್ತಿದ್ದಂತೆ ಬಿಸಿಯಿರುವಾಗಲೇ ಕಳುಹಿಸಿ. ಕಾಯಿಹಾಲಿನ ಪಾಯಸವನ್ನೂ ಗಸಿಯನ್ನೂ ‘ರಾತ್ರಿಗಾಯಿತು’ ಎಂದು ಯಾರಿಗೂ ಕಟ್ಟಿಕೊಡಬೇಡಿ. ಉಂಡ ಎಲೆಗಳನ್ನು ದನಗಳಿಗೆ ಹಾಕುವುದಾದರೆ ಹಲ್ಲುಕಡ್ಡಿ, ಐಸ್‌ಕ್ರೀಮಿನ ಕಪ್ಪು ಸೇರಿಲ್ಲವೆಂದು ಒಬ್ಬರು ನಿಂತು ನೋಡಬೇಕು. ಇಲ್ಲವಾದರೆ ತೆಂಗಿನ ಬುಡಕ್ಕೆ ಹಾಕಿ ಮಣ್ಣು ಮುಚ್ಚಿ. ಪೇಟೆಯವರು ಹಸಿ ಕಸ, ಒಣ ಕಸ ಬೇರೆ ಮಾಡಲು ಕೈ ತೊಳೆಯುವ ಜಾಗದ ಪಕ್ಕದಲ್ಲೇ ಎರಡು ಡ್ರಮ್ ಇಡಿ. ಎಳನೀರು ಕೊಟ್ಟಿದ್ದರೆ ಬೊಂಡದ ಚಿಪ್ಪುಗಳನ್ನು ಅಂದೇ ಸೀಳಿ ಕವುಚಿ ಹಾಕಿ. ಹಿತ್ತಲಿನಲ್ಲಿ ಬಾಯಿ ಮೇಲಾಗಿ ಬಿದ್ದಿರುವ ಒಂದು ಬೊಂಡದಲ್ಲಿ ಮಳೆನೀರು ನಿಂತರೆ ಡೆಂಗ್ಯೂ ಹರಡುವ ಸೊಳ್ಳೆಗೆ ಒಂದು ವಾರ ಸಾಕು.

ಬಾಡಿಗೆ ಪಾತ್ರೆಗಳನ್ನು ತಂದಾಗ ಎಣಿಸಿ ಬರೆದಿಟ್ಟ ಚೀಟಿಯನ್ನು ಅಡುಗೆ ಕೋಣೆಯ ಬಾಗಿಲಿಗೆ ಅಂಟಿಸಿರಿ. ಸೌಟು, ಬಕೆಟ್, ಲೋಟಗಳನ್ನು ಅದರ ಪ್ರಕಾರ ಎಣಿಸಿದ ಮೇಲೆಯೇ ಗಾಡಿಗೆ ಹತ್ತಿಸಿ. ಪಾಲು ಹಾಕಿ ಕಳುಹಿಸಿದ ಡಬ್ಬಗಳ ಜೊತೆ ಕನಿಷ್ಠ ಎರಡು ಸೌಟುಗಳಾದರೂ ಯಾರದೋ ಮನೆಗೆ ಹೋಗಿರುತ್ತವೆ. ಅಂದೇ ಸಂಜೆ ಫೋನ್ ಮಾಡಿ ಕೇಳಿದರೆ ಸಿಗುತ್ತವೆ.